ಮನೆಯೊಳಗಿನ ಮೊಲಕ್ಕೆ ನಾಲ್ಕು ಕಾಲು

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಪ್ರಾಣಿ ಕಣ್ಣೆದುರಿಗೇ ನಾಲ್ಕು ಕಾಲೂರಿ ಕೂತಿದ್ದರೂ ಅದನ್ನು ನೋಡದೆ, ತನ್ನ ತಲೆಯೊಳಗಿನ ಮೊಲವನ್ನೇ ಸಾಧಿಸುವ ಹಟಮಾರಿಯ ಬಗ್ಗೆ ಹುಟ್ಟಿದ ಮಾತು ಇದು. ವಾದಕ್ಕಿಳಿಯುವವರನ್ನು ಚುಚ್ಚಲು ಬಳಕೆಯಾಗುವ ಈ ಗಾದೆ, ನಿಜವಾದ ಮೊಲವನ್ನು ಮನೆಗೆ ತರುವವರಿಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಪೇಟೆಯ ಬೀದಿಬದಿಯ ಪಂಜರದಲ್ಲಿ ಹತ್ತಿಯ ಉಂಡೆಯಂತೆ ಕೂತ ಬಿಳಿ ಮರಿಯನ್ನು ಕಂಡು ಮಗು ಹಟ ಹಿಡಿಯುತ್ತದೆ. ಅಪ್ಪ ಕೊಡಿಸುತ್ತಾನೆ. ಮನೆಗೆ ಬಂದ ಮರಿಗೆ ಕ್ಯಾರೆಟ್, ಬಿಸ್ಕತ್ತು, ಹಾಲನ್ನದ ಉಪಚಾರ ನಡೆಯುತ್ತದೆ. ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಅದು ಏಳುವುದಿಲ್ಲ. ‘ಮೊಲ ಬಹಳ ನಾಜೂಕು, ನಮ್ಮ ಕೈಗೆ ಹತ್ತಲಿಲ್ಲ’ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಸರಿಯಾಗಿ ಸಾಕಿದರೆ ಎಂಟರಿಂದ ಹನ್ನೆರಡು ವರ್ಷ ಬಾಳುವ ಪ್ರಾಣಿ ಅದು. ಮರಿಗೆ ರೋಗವೇ ಇದ್ದಿರಬಹುದು ನಿಜ. ಆದರೆ ಬಹಳಷ್ಟು ಸಲ ಅದನ್ನು ಕೊಲ್ಲುವುದು ಪ್ರೀತಿಯಿಂದ ಹಾಕಿದ ತಪ್ಪು ಊಟ. ಈ ತಪ್ಪಿನ ಬೇರು ಅಡುಗೆಮನೆಯಲ್ಲಿಲ್ಲ. ಮೊಲದ ಬಗ್ಗೆ ಮನುಷ್ಯ ಕಟ್ಟಿಕೊಂಡ ಕಲ್ಪನೆಗಳ ದೀರ್ಘ ಇತಿಹಾಸದಲ್ಲಿದೆ.

ಒಂದು ಹೆಸರು, ಎರಡು ಪ್ರಾಣಿ

ಕನ್ನಡದಲ್ಲಿ ಮೊಲ ಎಂಬ ಒಂದೇ ಪದ ಎರಡು ಬೇರೆ ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ಮೊದಲನೆಯದು ನಮ್ಮ ಹೊಲ, ಕುರುಚಲು ಕಾಡುಗಳ ಕಂದು ಬಣ್ಣದ ಕಾಡುಮೊಲ. ಚಂದ್ರನಿಗೆ ಶಶಿ, ಶಶಾಂಕ ಎಂಬ ಹೆಸರು ತಂದುಕೊಟ್ಟದ್ದು, ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡವಿದ್ದು ಇದೇ ಮೊಲ. ವಿಜಯನಗರದ ಸ್ಥಾಪನೆಯ ಐತಿಹ್ಯದಲ್ಲಿ ಬೇಟೆನಾಯಿಗಳಿಗೆ ತಿರುಗಿಬಿದ್ದದ್ದೂ ಇದೇ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಆ ಕಥೆಯನ್ನು ಬರೆದಿಟ್ಟಿದ್ದಾನೆ. ಈ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ತಗ್ಗು ಮಾಡಿಕೊಂಡು ಮಲಗುತ್ತದೆ. ಇದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಅಪಾಯ ಬಂದರೆ ಓಟವೇ ಇದರ ರಕ್ಷಣೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿರುವುದರಿಂದ ಹಿಡಿದು ಸಾಕುವುದು ಅಪರಾಧ.

ಮನೆಯೊಳಗೆ ಸಾಕುವ ಮೊಲ ಬೇರೆಯೇ ಕುಲದ್ದು. ಅದರ ಮೂಲ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಐಬೀರಿಯ ಪರ್ಯಾಯದ್ವೀಪ. ಅದು ಗುಂಪಾಗಿ ನೆಲದಡಿಯ ಬಿಲಗಳಲ್ಲಿ ಬಾಳುವ ಪ್ರಾಣಿ. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಕಣ್ಣು ತೆರೆಯಲು ಹತ್ತು ದಿನ ಬೇಕು. ಕಾಡುಮೊಲದ ಜೀವಕೋಶದಲ್ಲಿ 48 ವರ್ಣತಂತುಗಳಿದ್ದರೆ ಇದರಲ್ಲಿ 44. ಎರಡಕ್ಕೂ ಕೂಡಿ ಮರಿಯಾಗುವುದಿಲ್ಲ. ಇಲಿ, ಹೆಗ್ಗಣಗಳ ಜಾತಿಗೆ ಇವೆರಡೂ ಸೇರುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಚಿಕ್ಕ ಹಲ್ಲು ಇರುವುದು ಮೊಲದ ಬಳಗದ ಗುರುತು.

ಬಿಲದಿಂದ ಗೂಡಿಗೆ

ಈ ಬಿಲದ ಮೊಲವನ್ನು ಮನುಷ್ಯ ಮೊದಲು ಕಂಡದ್ದು ಮಾಂಸವಾಗಿ. ಪ್ರಾಚೀನ ರೋಮನ್ನರು ಗೋಡೆ ಕಟ್ಟಿದ ಆವರಣಗಳಲ್ಲಿ ಮೊಲಗಳನ್ನು ಇರಿಸುತ್ತಿದ್ದರು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾರೊ ತನ್ನ ಕೃಷಿಗ್ರಂಥದಲ್ಲಿ ಸ್ಪೇನಿನ ಈ ಮೊಲವನ್ನು ಹೆಸರಿಸಿದ್ದಾನೆ. ಬಾಲಿಯಾರಿಕ್ ದ್ವೀಪಗಳಲ್ಲಿ ಮೊಲಗಳು ಮಿತಿಮೀರಿ ಬೆಳೆಗಳನ್ನೆಲ್ಲ ನುಂಗಿದಾಗ ಅಲ್ಲಿನ ಜನ ಸಾಮ್ರಾಟ ಅಗಸ್ಟಸ್‌ನಲ್ಲಿ ಸೈನ್ಯದ ನೆರವು ಕೇಳಿದರೆಂದು ಪ್ಲಿನಿ ಬರೆಯುತ್ತಾನೆ. ಮಧ್ಯಯುಗದಲ್ಲಿ ಇದು ಇಂಗ್ಲೆಂಡಿಗೂ ಹೋಯಿತು. ಅಲ್ಲಿನ ಶ್ರೀಮಂತರು ಮಾಂಸಕ್ಕೆ, ತುಪ್ಪಳಕ್ಕೆ ಮೊಲದ ಮಾಳಗಳನ್ನೇ ನಿರ್ಮಿಸಿಕೊಂಡರು.

ಮೊಲ ಸಾಕುಪ್ರಾಣಿಯಾದ ಬಗೆಯನ್ನು ಹೇಳುವ ಒಂದು ಕಥೆ ಬಹಳ ಪ್ರಸಿದ್ಧ. ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿ ಮೊಲದ ಎಳೆಗೂಸುಗಳನ್ನು ಮೀನಿಗೆ ಸಮಾನವೆಂದು ಘೋಷಿಸಿದನಂತೆ. ಉಪವಾಸದ ದಿನಗಳಲ್ಲೂ ತಿನ್ನಬಹುದಾದ ಕಾರಣ ಮಠಗಳಲ್ಲಿ ಮೊಲಸಾಕಣೆ ಶುರುವಾಯಿತಂತೆ. ಪುಸ್ತಕದಿಂದ ಪುಸ್ತಕಕ್ಕೆ ದಾಟಿಬಂದ ಈ ಕಥೆಗೆ ಆಧಾರವಿಲ್ಲ, ಅಂಥ ಆಜ್ಞೆಯೇ ಹೊರಟಿರಲಿಲ್ಲ ಎಂದು 2018ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಪಳಗಿಸುವಿಕೆ ಒಂದು ದಿನ, ಒಂದು ಆಜ್ಞೆಯಿಂದ ಆದದ್ದಲ್ಲ. ಶತಮಾನಗಳ ಕಾಲ ನಿಧಾನವಾಗಿ ನಡೆದದ್ದು. 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ಇದನ್ನೇ ಹೇಳಿತು. ಯಾವುದೋ ಒಂದು ವಂಶವಾಹಿ ಬದಲಾಗಿ ಮೊಲ ಸಾಧುವಾಗಲಿಲ್ಲ. ಮಿದುಳು ಮತ್ತು ನರಗಳ ಬೆಳವಣಿಗೆಗೆ ಸಂಬಂಧಿಸಿದ ಅನೇಕ ಸಣ್ಣ ಸಣ್ಣ ಬದಲಾವಣೆಗಳು ಸೇರಿ ಹಾಗಾಯಿತು. ಭಯವನ್ನು ಗ್ರಹಿಸುವ ಮಿದುಳಿನ ಭಾಗ ಸಾಕುಮೊಲಗಳಲ್ಲಿ ಚಿಕ್ಕದಾಗಿದೆ ಎಂಬುದು 2018ರ ಇನ್ನೊಂದು ಶೋಧನೆ.

ಹೀಗೆ ಮನುಷ್ಯನ ಸಹವಾಸದಲ್ಲಿ ಭಯ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಹೊಟ್ಟೆಯಂತೂ ಹಳೆಯದೇ ಉಳಿಯಿತು. ಮನೆಯ ಮೂಲೆಯಲ್ಲಿ ಕೂತ ಬಿಳಿ ಮೊಲದೊಳಗೆ ಇರುವುದು ಸ್ಪೇನಿನ ಒಣನೆಲದಲ್ಲಿ ಹುಲ್ಲು ಮೇಯುತ್ತಿದ್ದ ಪ್ರಾಣಿಯ ಕರುಳೇ.

ಕ್ಯಾರೆಟ್ ಎಲ್ಲಿಂದ ಬಂತು?

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಮೊಲ ಅಂದಕ್ಕಾಗಿ, ಸ್ಪರ್ಧೆಗಾಗಿ, ಮಕ್ಕಳ ಆಟಕ್ಕಾಗಿ ಸಾಕುವ ಪ್ರಾಣಿಯಾಯಿತು. ಆದರೆ ಅದರ ವಾಸ ಮಾತ್ರ ಮಾಂಸಕ್ಕಾಗಿ ಸಾಕುವವರ ಇಕ್ಕಟ್ಟಾದ ಮರದ ಗೂಡೇ ಆಗಿ ಉಳಿಯಿತು. 1902ರಲ್ಲಿ ಬಿಯಾಟ್ರಿಕ್ಸ್ ಪಾಟರ್ ಬರೆದು ಚಿತ್ರಿಸಿದ ಪೀಟರ್ ಮೊಲದ ಕಥೆ ಲೋಕದ ಮಕ್ಕಳ ಮನಸ್ಸಿನಲ್ಲಿ ನಿಂತಿತು. ಆ ಪುಸ್ತಕದ ಪ್ರಸಿದ್ಧ ಚಿತ್ರದಲ್ಲಿ ಪೀಟರ್ ಮೆಲ್ಲುವುದು ಕೆಂಪು ಮೂಲಂಗಿ. ಅನೇಕರು ಅದನ್ನು ಕ್ಯಾರೆಟ್ ಎಂದೇ ನೆನಪಿಟ್ಟುಕೊಂಡಿದ್ದಾರೆ.

ಕ್ಯಾರೆಟ್ಟಿನ ನಂಟನ್ನು ಗಟ್ಟಿ ಮಾಡಿದ್ದು ಸಿನಿಮಾ. 1934ರ ಹಾಲಿವುಡ್ ಚಿತ್ರವೊಂದರಲ್ಲಿ ನಟ ಕ್ಲಾರ್ಕ್ ಗೇಬಲ್ ಬೇಲಿಗೆ ಒರಗಿ ಕ್ಯಾರೆಟ್ ಕಡಿಯುತ್ತ ಪಟಪಟನೆ ಮಾತನಾಡುವ ದೃಶ್ಯವಿತ್ತು. 1940ರಲ್ಲಿ ತೆರೆಗೆ ಬಂದ ಕಾರ್ಟೂನ್ ಮೊಲ ಬಗ್ಸ್ ಬನ್ನಿ ಅದನ್ನು ಅಣಕಿಸುತ್ತ ಕ್ಯಾರೆಟ್ ಹಿಡಿಯಿತು. ಒಬ್ಬ ನಟನ ಅಣಕ ಜಗತ್ತಿನ ಮೊಲಗಳಿಗೆಲ್ಲ ಊಟದ ಪಟ್ಟಿಯಾಯಿತು! ಕಾಡಿನ ಮೊಲ ಗೆಡ್ಡೆ ಅಗೆದು ತಿಂದು ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಕ್ಯಾರೆಟ್ಟಿನಲ್ಲಿ ಸಕ್ಕರೆ ಹೆಚ್ಚು. ಮೊಲಕ್ಕೆ ಅದು ಊಟವಲ್ಲ, ಮಿಠಾಯಿ. ವಾರಕ್ಕೆ ಒಂದೆರಡು ಸಲ ಒಂದು ತೆಳು ಬಿಲ್ಲೆ ಸಾಕು. ಕ್ಯಾರೆಟ್ಟಿನ ಮೇಲಿನ ಹಸಿರು ಸೊಪ್ಪಾದರೆ ಧಾರಾಳವಾಗಿ ಕೊಡಬಹುದು. ತರಕಾರಿ ಅಂಗಡಿಯವರು ಕಿತ್ತೆಸೆಯುವುದು ಅದನ್ನೇ.

ಹುಲ್ಲಿನ ಕಾರ್ಖಾನೆ

ಮೊಲದ ಊಟದ ನಿಯಮಗಳೆಲ್ಲ ಅದರ ಕರುಳಿನ ರಚನೆಯಲ್ಲಿ ಅಡಗಿವೆ. ಹಸುವಿಗೆ ಹುಲ್ಲು ಹುದುಗಿಸಲು ಹೊಟ್ಟೆಯ ಮುಂಭಾಗದಲ್ಲೇ ದೊಡ್ಡ ಚೀಲವಿದೆ. ಮೊಲಕ್ಕೆ ಆ ಚೀಲ ಇರುವುದು ಕರುಳಿನ ಹಿಂಭಾಗದಲ್ಲಿ. ತಿಂದ ಹುಲ್ಲಿನ ಒರಟು ನಾರು ಬೇರ್ಪಟ್ಟು ಗುಂಡಗಿನ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣ್ಣನೆಯ ಭಾಗ ಹಿಂದಿನ ಚೀಲಕ್ಕೆ ಹೋಗಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ, ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಉಂಡೆಗಳಾಗುತ್ತದೆ. ಇವುಗಳನ್ನು ಮೊಲ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಹೊಸಬರು ಇದನ್ನು ಕಂಡು ಅಸಹ್ಯಪಟ್ಟು ಗದರುವುದುಂಟು. ಹಾಗೆ ಮಾಡಬಾರದು. ಹಸು ಮೆಲುಕು ಹಾಕುವುದಕ್ಕೆ ಸಮನಾದ ಕ್ರಿಯೆ ಇದು. ಜೀವಸತ್ವ, ಪ್ರೋಟೀನುಗಳು ಮೊಲಕ್ಕೆ ದಕ್ಕುವ ದಾರಿ.

ಈ ಕಾರ್ಖಾನೆ ನಿಲ್ಲದೆ ನಡೆಯಲು ನಾರು ಬೇಕೇ ಬೇಕು. ನಾರು ಕಡಿಮೆಯಾದರೆ ಕರುಳಿನ ಚಲನೆ ನಿಧಾನವಾಗಿ ನಿಂತೇಹೋಗುತ್ತದೆ. ಅನ್ನ, ಬ್ರೆಡ್ಡು, ಬಿಸ್ಕತ್ತಿನ ಪಿಷ್ಟ ಸೇರಿದರೆ ಹಿಂದಿನ ಚೀಲದಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ಬೆಳೆದು ವಿಷ ಉಂಟುಮಾಡುತ್ತವೆ. ಮೊಲಕ್ಕೆ ವಾಂತಿ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು. ಹಲ್ಲುಗಳೂ ಹುಲ್ಲನ್ನೇ ಬೇಡುತ್ತವೆ. ಅದರ ಎಲ್ಲ 28 ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆ. ಹುಲ್ಲನ್ನು ಗಂಟೆಗಟ್ಟಲೆ ಅಗಿದಾಗಲಷ್ಟೇ ಅವು ಸರಿಯಾಗಿ ಸವೆಯುತ್ತವೆ. ಇಲ್ಲದಿದ್ದರೆ ದವಡೆಹಲ್ಲಿನ ಅಂಚು ಚೂಪಾಗಿ ನಾಲಿಗೆ, ಕೆನ್ನೆಯನ್ನು ಕೊಯ್ಯುತ್ತದೆ. ಹಸಿವಿದ್ದರೂ ತಿನ್ನಲಾಗದೆ ಮೊಲ ಸೊರಗುತ್ತದೆ.

ದಿನದ ಊಟ

ಹೀಗಾಗಿ ಊಟದ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಹುಲ್ಲೇ ಇರಬೇಕು. ಪ್ರತಿದಿನ ಮೊಲದ ಮೈಯಷ್ಟು ಗಾತ್ರದ ಒಣಹುಲ್ಲಿನ ಕಂತೆ ಅದರ ಮುಂದೆ ಹಗಲಿರುಳೂ ಇರಬೇಕು ಎಂಬುದು ನೆನಪಿಡಲು ಸುಲಭವಾದ ಲೆಕ್ಕ. ನಮ್ಮಲ್ಲಿ ಗಣಪತಿಗೆ ಏರಿಸುವ ಗರಿಕೆ ಮೊಲಕ್ಕೂ ಪ್ರಿಯವಾದ, ಹಿತವಾದ ಹುಲ್ಲು. ರಸ್ತೆಬದಿಯದ್ದು, ಔಷಧ ಸಿಂಪಡಿಸಿದ ಹೊಲದ ಬದುವಿನದ್ದು ಬೇಡ; ಶುಚಿಯಾದ ಜಾಗದಿಂದ ತಂದು ತೊಳೆದು ಕೊಡಬೇಕು. ಯಂತ್ರದಿಂದ ಕತ್ತರಿಸಿ ರಾಶಿ ಹಾಕಿದ ಹುಲ್ಲುಹಾಸಿನ ಚೂರುಗಳು ಬೇಗ ಹುಳಿಯುವುದರಿಂದ ಕೊಡಬಾರದು. ಬತ್ತದ ಹುಲ್ಲು ಹಾಸಿಗೆಗೆ ಸರಿ. ಅದರಲ್ಲಿ ಸತ್ವ ಕಡಿಮೆಯಾದ್ದರಿಂದ ಅದನ್ನೇ ನೆಚ್ಚಬಾರದು. ಕುದುರೆ ಮಸಾಲೆ ಸೊಪ್ಪು ಅಥವಾ ಲೂಸರ್ನ್ ಬೆಳೆಯುವ ಮರಿಗಳಿಗೆ ಒಳ್ಳೆಯದು. ಆದರೆ ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಮೊಲದ ಮೈ ತಿಂದ ಸುಣ್ಣವನ್ನೆಲ್ಲ ಹೀರಿ, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಬಲಿತ ಮೊಲಕ್ಕೆ ಅದನ್ನೇ ದಿನವೂ ಕೊಟ್ಟರೆ ಮೂತ್ರಕೋಶದಲ್ಲಿ ಕೆಸರು, ಕಲ್ಲು ಕಟ್ಟುತ್ತದೆ.

ಹುಲ್ಲಿನ ನಂತರ ಸೊಪ್ಪು. ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಹೂಕೋಸಿನ ಹೊರ ಎಲೆ, ಹೀಗೆ ದಿನಕ್ಕೆ ಎರಡು ಮೂರು ಬಗೆಯಂತೆ ಒಂದು ಹಿಡಿ. ಪಾಲಕ್, ದಂಟಿನ ಸೊಪ್ಪು ಅಪರೂಪಕ್ಕೆ, ಸ್ವಲ್ಪವೇ ಇರಲಿ. ಹೊಸ ಸೊಪ್ಪನ್ನು ಮೊದಲ ದಿನ ಒಂದೆರಡು ಎಲೆಯಷ್ಟೇ ಕೊಟ್ಟು, ಹಿಕ್ಕೆ ಸರಿಯಾಗಿದೆಯೇ ಎಂದು ನೋಡಿಕೊಂಡು ಹೆಚ್ಚಿಸಬೇಕು. ಪೆಲೆಟ್ ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಸಿದ್ಧ ಆಹಾರ ಬಲಿತ ಮೊಲಕ್ಕೆ ದೇಹತೂಕದ ಕಿಲೋಗೆ 25 ಗ್ರಾಮಿನಷ್ಟು ಸಾಕು. ಬಾಳೆ, ಸೇಬು ಬೆರಳ ತುದಿಯಷ್ಟು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್ ಹತ್ತಿರವೂ ಸುಳಿಯಬಾರದು. ಹಾಲನ್ನವೂ ಬೇಡ.

ನೀರು ಸದಾ ಇರಬೇಕು. ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರ್ ಕುಡಿಯುವ ಪ್ರಾಣಿ ಇದು. ಹನಿಹನಿಯಾಗಿ ನೀರು ಬಿಡುವ ಬಾಟಲಿಗಿಂತ ಮಗುಚಿಬೀಳದ ಭಾರವಾದ ಬಟ್ಟಲು ಮೇಲು.

ಮರಿ ಕೊಳ್ಳುವಾಗ ಎಂಟು ವಾರ ತುಂಬಿದೆಯೇ ಎಂದು ವಿಚಾರಿಸುವುದು ಬಹಳ ಮುಖ್ಯ. ಮುದ್ದಾಗಿ ಕಾಣಲೆಂದು ಅದಕ್ಕೂ ಮೊದಲೇ ತಾಯಿಯಿಂದ ಬಿಡಿಸಿ ಮಾರುವುದುಂಟು. ಅಂಥ ಮರಿಯ ಕರುಳು ಇನ್ನೂ ಹದಗೊಂಡಿರುವುದಿಲ್ಲ. ಹಳೆಯ ಜಾಗದಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮೊದಲ ವಾರ ಕೊಟ್ಟು, ನಿಧಾನವಾಗಿ ಹೊಸ ಆಹಾರಕ್ಕೆ ಬದಲಾಯಿಸಬೇಕು.

ಕೋಣೆಯೇ ಬಯಲು

ಅಮೆರಿಕದಲ್ಲಿ 1985ರಲ್ಲಿ ಮರಿನೆಲ್ ಹ್ಯಾರಿಮನ್ ಎಂಬಾಕೆ, ಮೊಲವನ್ನು ಹಿತ್ತಿಲ ಗೂಡಿನಿಂದ ತಂದು ಬೆಕ್ಕು, ನಾಯಿಗಳಂತೆ ಮನೆಯೊಳಗೇ ಸಾಕುವುದು ಹೇಗೆಂದು ಪುಸ್ತಕ ಬರೆದರು. 1988ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅದಕ್ಕೆಂದೇ ಒಂದು ಸಂಘವೂ ಹುಟ್ಟಿತು. ಬಿಲದಲ್ಲಿ ಬಾಳುವ ಪ್ರಾಣಿಗೆ ಒಂದು ನಿರ್ದಿಷ್ಟ ಮೂಲೆಯಲ್ಲೇ ಮಲಮೂತ್ರ ಮಾಡುವ ಸ್ವಭಾವವಿದೆ ಎಂಬ ಅರಿವೇ ಈ ಬದಲಾವಣೆಗೆ ನೆರವಾಯಿತು. ಮೊಲ ತಾನೇ ಆರಿಸಿಕೊಂಡ ಮೂಲೆಯಲ್ಲಿ ಅಗಲವಾದ ತಟ್ಟೆಯಿಟ್ಟು, ಹಳೆಯ ಪತ್ರಿಕೆ ಹಾಸಿ, ಮೇಲೆ ಹುಲ್ಲು ಹರಡಿದರೆ ಅದು ಅಲ್ಲೇ ಕೂತು ಮೇಯುತ್ತ ಹಿಕ್ಕೆ ಹಾಕಲು ಕಲಿಯುತ್ತದೆ.

ಕಬ್ಬಿಣದ ತಂತಿಯ ತಳವಿರುವ ಪಂಜರ ಅದಕ್ಕೆ ಶಿಕ್ಷೆ. ಬೆಕ್ಕು, ನಾಯಿಗಳಿಗಿರುವ ಮೆತ್ತನೆಯ ಅಂಗಾಲು ಮೊಲಕ್ಕಿಲ್ಲ, ಕೂದಲಷ್ಟೇ ಇದೆ. ತಂತಿಯ ಮೇಲೆ ನಿಂತು ಹಿಮ್ಮಡಿ ಹುಣ್ಣಾಗುತ್ತದೆ. ನಯವಾದ ಗ್ರಾನೈಟ್, ಟೈಲ್ಸ್ ನೆಲದಲ್ಲೂ ಜಾರುತ್ತದೆ. ಚಾಪೆ, ಜಮಖಾನೆ ಹಾಸಬೇಕು. ಎರಡು ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟರೆ ಅದೇ ಬಿಲವಾಗುತ್ತದೆ. ಜೋಡಿ ಮೊಲಗಳಿಗೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಓಡಾಟದ ಜಾಗವಾದರೂ ಬೇಕೆಂಬುದು ಬ್ರಿಟನ್ನಿನ ಪ್ರಾಣಿಹಿತ ಸಂಸ್ಥೆಗಳ ಸಲಹೆ. ಹಲ್ಲಿಗೆ ಎಟುಕುವ ವಿದ್ಯುತ್ ತಂತಿಗಳನ್ನು ಮುಚ್ಚಿಡುವುದು ಕಡ್ಡಾಯ. ಸೊಳ್ಳೆಬತ್ತಿ, ಊದುಬತ್ತಿಯ ಹೊಗೆಯೂ ದೂರವಿರಲಿ.

ಬಿಲದ ಪ್ರಾಣಿಗೆ ಸೆಕೆ ಶತ್ರು. ಅದಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬಾರದು; ಉದ್ದ ಕಿವಿಗಳ ಮೂಲಕವೇ ಶಾಖ ಹೊರಹೋಗಬೇಕು. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಪಾಯ ಶುರು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ 40 ಡಿಗ್ರಿ ಹೊಸದಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿನ ತಾರಸಿ ಮನೆಯೂ ಕಾಯುತ್ತದೆ. ತಣ್ಣನೆಯ ನೆಲದ ಕೋಣೆ, ಒದ್ದೆಬಟ್ಟೆಯಿಂದ ಒರೆಸಿದ ಕಿವಿ, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ ನೆರವಾಗುತ್ತವೆ. ಆದರೆ ನೀರಿನಲ್ಲಿ ಅದ್ದಿ ಸ್ನಾನ ಮಾಡಿಸಬಾರದು. ಹೆದರಿಕೆಗೇ ಅದರ ಪ್ರಾಣ ಹೋಗಬಹುದು. ಮೈ ಶುಚಿ ಮಾಡಿಕೊಳ್ಳುವುದು ಅದಕ್ಕೇ ಗೊತ್ತು.

ಮೌನದ ಭಾಷೆ

ಹದ್ದು, ನರಿಗಳಿಗೆ ಆಹಾರವಾಗಿ ಬಂದ ಪ್ರಾಣಿ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ. ಕುಂಟುವುದು, ನರಳುವುದು ಕಾಡಿನಲ್ಲಿ ಸಾವಿಗೆ ಕರೆ. ಆದ್ದರಿಂದ ಮೊಲದ ಕಾಯಿಲೆ ಮನೆಯವರಿಗೆ ತಿಳಿಯುವುದು ಅದರ ತಟ್ಟೆಯಿಂದ. ಆರೋಗ್ಯವಾದ ಮೊಲ ದಿನಕ್ಕೆ ಇನ್ನೂರು, ಮುನ್ನೂರು ಹಿಕ್ಕೆ ಹಾಕುತ್ತದೆ. ಹಿಕ್ಕೆ ಸಣ್ಣದಾದರೆ, ಕಡಿಮೆಯಾದರೆ ಅದೇ ಮೊದಲ ಸೂಚನೆ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕೂತರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ. ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮನುಷ್ಯರ ಅಮಾಕ್ಸಿಸಿಲಿನ್‌ನಂಥ ಮಾತ್ರೆಯನ್ನು ಬಾಯಿಗೆ ಹಾಕುವುದು, ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಔಷಧ ಹಚ್ಚುವುದು ಮೊಲಕ್ಕೆ ಮಾರಕ.

ಕಿವಿ ಹಿಡಿದು ಎತ್ತುವ ಜಾದೂಗಾರನ ಚಿತ್ರವನ್ನೂ ಮನಸ್ಸಿನಿಂದ ಅಳಿಸಬೇಕು. ಮೊಲದ ಎಲುಬು ತೀರ ಹಗುರ, ಹಿಂಗಾಲಿನ ಸ್ನಾಯು ಬಲಶಾಲಿ. ಗಾಬರಿಯಿಂದ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಎದೆಯಡಿ ಒಂದು ಕೈ, ಹಿಂಭಾಗಕ್ಕೆ ಇನ್ನೊಂದು ಕೈ ಕೊಟ್ಟು ಎತ್ತಬೇಕು. ಎತ್ತದಿರುವುದು ಇನ್ನೂ ಒಳ್ಳೆಯದು. ಹೊಸ ಮೊಲಕ್ಕೆ ಮೊದಲ ಎರಡು ದಿನ ತನ್ನ ಪಾಡಿಗೆ ಇರಲು ಬಿಟ್ಟು, ಆಮೇಲೆ ನೆಲದ ಮೇಲೆ ಸುಮ್ಮನೆ ಕೂತರೆ ಅದೇ ಬಂದು ಮೂಸುತ್ತದೆ.

ಒಂಟಿತನ ಅದಕ್ಕೆ ಹಿಡಿಸದು, ಜೊತೆಯಿದ್ದರೆ ಚೆನ್ನ. ಆದರೆ ಗಂಡು, ಹೆಣ್ಣು ಜೊತೆಗಿದ್ದರೆ 31 ದಿನಕ್ಕೆ ಮರಿಗಳು, ಹೆತ್ತ ದಿನವೇ ಮತ್ತೆ ಬಸಿರು. ಸಂತಾನಹರಣ ಚಿಕಿತ್ಸೆ ಮಾಡಿಸದೆ ಜೋಡಿ ಸಾಕುವಂತಿಲ್ಲ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಸಾಮಾನ್ಯವಾದ ಗರ್ಭಕೋಶದ ಕ್ಯಾನ್ಸರನ್ನೂ ಈ ಚಿಕಿತ್ಸೆ ತಪ್ಪಿಸುತ್ತದೆ.

ಮೊಲ ಮೌನಿಯೇ ಹೊರತು ಮೂಗವಲ್ಲ. ಅಪಾಯ ಕಂಡರೆ ಹಿಂಗಾಲಿನಿಂದ ನೆಲವನ್ನು ಧಡ್ ಎಂದು ಬಡಿಯುತ್ತದೆ. ಗಲ್ಲವನ್ನು ಕುರ್ಚಿಯ ಕಾಲಿಗೆ ಉಜ್ಜಿ ‘ಇದು ನನ್ನದು’ ಎಂದು ಗುರುತು ಹಾಕುತ್ತದೆ. ಸಂತೋಷವಾದಾಗ ಗಾಳಿಯಲ್ಲಿ ನೆಗೆದು ಮೈ ತಿರುಚುತ್ತದೆ. ಮುಂಜಾನೆ, ಮುಸ್ಸಂಜೆಯ ಹೊತ್ತು ಅದರ ಚಟುವಟಿಕೆಯ ವೇಳೆ. ಆ ಹೊತ್ತಿನಲ್ಲಿ ಸುಮ್ಮನೆ ಕೂತು ನೋಡುವ ಮಗುವಿಗೆ ಅದು ಕಲಿಸುವುದು ಬಹಳ. ಕಥೆಯ ಮೊಲ, ಕಾರ್ಟೂನಿನ ಮೊಲ, ಪಂಜರದ ಮೊಲ ಎಂಬ ಮೂರು ಕಾಲಿನ ಮೊಲಗಳನ್ನು ಬದಿಗಿಟ್ಟು, ಎದುರಿಗೆ ಹುಲ್ಲು ಮೆಲ್ಲುತ್ತ ಕೂತ ಜೀವದ ಕಾಲುಗಳನ್ನು ಎಣಿಸಿದರೆ ಸಾಕು. ನಾಲ್ಕೂ ಸರಿಯಾಗಿ ಕಾಣುತ್ತವೆ.